ರ್‍ಯಾಲೆನಾ, ಹರ್ಕ್ಯುಲಿಸ್ಸಾ?

ಕಲಬುರಗಿಯಲ್ಲಿ ಹಳೇ ಸೈಕಲ್ ಕೂಡಿಡಲು ಶುರು ಮಾಡುವವರಿಗೆ ನನ್ನ ಸಲಹೆ: ಮೊದಲು ಮದ್ರಾಸಿನ ಹರ್ಕ್ಯುಲಿಸ್, ಆಮೇಲೆ ಇಂಗ್ಲೆಂಡಿನ ರ್‍ಯಾಲೆ.

ಚೆಂದದಲ್ಲಿ ನಾಟಿಂಗ್‌ಹ್ಯಾಮ್‌ನ ರ್‍ಯಾಲೆಗೆ ಸಾಟಿಯಿಲ್ಲ. ಚೈನ್‌ವೀಲ್ ಬಗ್ಗಿ ನೋಡಿ, ಉಕ್ಕಿನಲ್ಲೇ ಕೊಕ್ಕರೆ ತಲೆಗಳನ್ನು ಕೊರೆದಿರುತ್ತಾರೆ. ಹಿಂದಿನ ಚಕ್ರದ ನಡುವೆ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇದ್ದರೆ ಜಿಡ್ಡು ಒರೆಸಿ. ತಯಾರಾದ ವರ್ಷ ಸಾಮಾನ್ಯವಾಗಿ ಅದರ ಮೇಲೇ ಒತ್ತಿರುತ್ತದೆ. ಆದರೆ ಹಬ್ ನಂತರ ಬದಲಾಗಿರಲೂಬಹುದು, ಅಲ್ವಾ? ಫ್ರೇಮ್ ನಂಬರನ್ನೂ ನೋಡಿಕೊಳ್ಳಿ. ನಿಜವಾದ ತಲೆನೋವು ಬಿ.ಬಿ. (ಬಾಟಮ್ ಬ್ರಾಕೆಟ್) ಕಪ್, ಅಂದ್ರೆ ಪೆಡಲ್ ಅಚ್ಚಿನ ಬೇರಿಂಗ್ ಕೂರಲು ಫ್ರೇಮಿಗೆ ತಿರುಗಿಸಿ ಹಾಕುವ ಬಟ್ಟಲು. ರ್‍ಯಾಲೆಯ ಥ್ರೆಡ್ (ತಿರುಪಿನ ಸುತ್ತು) ಇಂಚಿಗೆ 26, ಬೇರೆ ಇಂಗ್ಲಿಷ್ ಮಾದರಿಯವಕ್ಕೆ 24. ಅಂಗಡಿಯಲ್ಲಿ ಸಿಕ್ಕ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಕೆಡುತ್ತದೆ.

ಹರ್ಕ್ಯುಲಿಸ್‌ಗೆ ಈ ಕಾಟ ಕಡಿಮೆ. 1949ರಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನ ಗಾಡಿ ಇದು. 28 ಇಂಚಿನ ಟಯರ್, ರಾಡ್ ಬ್ರೇಕಿನ ರಬ್ಬರ್ ಈಗಲೂ ಸಿಗುತ್ತವೆ. ರಿಪೇರಿ ಮಾಡುವ ಹಿರಿಯರ ಕೈಗೂ ಇದು ಪಳಗಿದೆ. ಸುಮ್ನೆ ನಿಲ್ಲಿಸದೆ ದಿನಾ ಓಡಿಸಬಹುದು.

ರ್‍ಯಾಲೆಯನ್ನೇ ಕೊಳ್ಳುವುದಾದರೆ ಹಳೇ ಬಣ್ಣ ಉಳಿದಿರುವುದನ್ನು ಆರಿಸಿ. ತುಕ್ಕು ಸ್ವಲ್ಪ ಇದ್ದರೂ ಚಿಂತೆಯಿಲ್ಲ, ಹೊಸ ಪೇಂಟ್ ಮಾತ್ರ ಬೇಡ. ನಮ್ಮ ಬೇಸಿಗೆ ಬಿಸಿಲಿಗೆ ತೊಗಲಿನ ಸೀಟು ಬಿರಿಯುತ್ತದೆ, ಎರಡೂ ಸೈಕಲ್ಲನ್ನು ನೆರಳಲ್ಲೇ ಇಡಿ.