ಖಾಲಿ ಅಂತ ತೆಗೆದುಹಾಕಿದ ಪುಟದಲ್ಲಿ ಮೊಹರಿತ್ತು

ಅಪ್ಪನ ಕಾಲದ ಮನೆಪತ್ರಗಳನ್ನು ಬೀರುವಿನಿಂದ ತೆಗೆದು, ಗಾಂಧಿಬಜಾರಿನ ಹತ್ತಿರದ ಅಡ್ಡರಸ್ತೆಯ ಒಂದು ಸ್ಕ್ಯಾನಿಂಗ್ ಅಂಗಡಿಗೆ ಕೊಟ್ಟಿದ್ದೆ. ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿ ಎಲ್ಲಾ ಸೇರಿ 46 ಹಾಳೆ. ಅಂಗಡಿ ಹೆಸರು ಬೇಡ ಬಿಡಿ.

ಹುಡುಗ ಮೊದಲು ಕೇಳಿದ್ದು, "ಆಂಟಿ, ಫೀಡರಾ, ಫ್ಲ್ಯಾಟ್‌ಬೆಡ್ಡಾ?" ಫೀಡರ್ ಹಾಳೆಗಳನ್ನು ಒಂದೊಂದಾಗಿ ತಾನೇ ಎಳೆದುಕೊಳ್ಳುತ್ತದೆ. ಫ್ಲ್ಯಾಟ್‌ಬೆಡ್ಡಲ್ಲಿ ಗಾಜಿನ ಮೇಲಿಟ್ಟು ಮುಚ್ಚಳ ಹಾಕಬೇಕು. ನಮ್ಮ ಕ್ರಯಪತ್ರ ಮಡಿಕೆಯಲ್ಲಿ ಹರಿದು, ಟೇಪ್ ಹಾಕಿಸಿಕೊಂಡಿತ್ತು. ಅದನ್ನು ಅವನೇ ನೋಡಿ ಗಾಜಿಗೆ ಅಂತ ಬೇರೆ ಎತ್ತಿಟ್ಟ. ಇದಕ್ಕೆ ಪೂರ್ತಿ ಮಾರ್ಕ್ಸು. ನಾನು ಜಂಬದಿಂದ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಕೇಳಿದೆ. "300 ಸಾಕು ಆಂಟಿ, 600 ಅಂದ್ರೆ ಚುಕ್ಕಿ ನಾಲ್ಕು ಪಟ್ಟು, ಫೈಲು ಸುಮ್ನೆ ದಪ್ಪ ಆಗುತ್ತೆ" ಅಂದ. ಸರಿಯಾದ ಮಾತೇ.

ರೇಟು ಇಮೇಜಿಗೆ ಇಷ್ಟು ಅಂತ. ಇಮೇಜ್ ಅಂದರೆ ಫೋಟೋ ಅಂದುಕೊಂಡಿದ್ದೆ! ಅವರ ಲೆಕ್ಕದಲ್ಲಿ ಹಾಳೆಯ ಒಂದು ಮಗ್ಗುಲು ಒಂದು ಇಮೇಜ್. ಎರಡೂ ಕಡೆ ತೆಗೆದರೆ 46 ಹಾಳೆಗೆ 92. ಮನೆಗೆ ಬಂದು ನೋಡಿದರೆ ಪಿಡಿಎಫ್‌ನಲ್ಲಿ 79 ಪುಟ.

ರಾತ್ರಿ ಕೂತು ಒಂದೊಂದೇ ತಾಳೆ ನೋಡಿದೆ. ಹೋದ 13ರಲ್ಲಿ 11 ನಿಜವಾಗಲೂ ಖಾಲಿ, ರಸೀದಿಗಳ ಹಿಂಬದಿ. ಉಳಿದೆರಡು ವಿಭಾಗಪತ್ರದ ಹಿಂಬದಿ. ಅಲ್ಲಿ ಸಬ್‌ ರಿಜಿಸ್ಟ್ರಾರ್ ಕಚೇರಿಯ ನೇರಳೆ ಮೊಹರಿದೆ, ಮಾಸಿ ಮಾಸಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಇವರು ಫೀಡರಿನಲ್ಲಿ 'ಬ್ಲ್ಯಾಕ್ ಅಂಡ್ ವೈಟ್' ಇಟ್ಟಿದ್ದರು. ಅದರಲ್ಲಿ ಪ್ರತಿ ಚುಕ್ಕಿಯೂ ಕಪ್ಪು ಇಲ್ಲವೇ ಬಿಳಿ, ನಡುವೆ ಏನೂ ಇಲ್ಲ. ತೆಳು ನೇರಳೆ ಬಿಳಿಯಾಯಿತು. ಆಮೇಲೆ ಖಾಲಿ ಪುಟಗಳನ್ನು ತಾನೇ ತೆಗೆದುಹಾಕುವ 'ಬ್ಲ್ಯಾಂಕ್ ಪೇಜ್ ರಿಮೂವಲ್' ಬಂದು ಪುಟವನ್ನೇ ಗುಡಿಸಿ ಹಾಕಿತು. ಆ ಮೊಹರಿಲ್ಲದ ವಿಭಾಗಪತ್ರ ಯಾರಿಗೆ ಬೇಕು, ಅಲ್ವಾ?

ಮರುದಿನ ಹೋದಾಗ ಮಾಲೀಕರು ವಾದ ಮಾಡಲಿಲ್ಲ. ಕಲರ್‌ನಲ್ಲಿ ಮತ್ತೆ ತೆಗೆದುಕೊಟ್ಟರು, ದುಡ್ಡು ಕೇಳಲಿಲ್ಲ. ಮೊಹರು ಈಗ ಕಾಗದಕ್ಕಿಂತ ಚೆನ್ನಾಗಿ ಕಾಣುತ್ತದೆ.

ನನಗೆ ಸಿಟ್ಟು ಬಂದದ್ದು ಬೋರ್ಡಿನ ಮೇಲಿನ 'ಓಸಿಆರ್, ಸರ್ಚಬಲ್ ಪಿಡಿಎಫ್' ನೋಡಿ. ಓಸಿಆರ್ ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಹುಡುಕುವ ಹಾಗೆ ಮಾಡುವುದು. ಅದಕ್ಕೆ ಜಾಸ್ತಿ ದುಡ್ಡೂ ಕೊಟ್ಟೆ. 'ಖಾತಾ' ಅಂತ ಹುಡುಕಿದರೆ ಏನೂ ಇಲ್ಲ. ಒಂದು ಸಾಲು ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಸೊನ್ನೆ, ಕಂಸಗಳ ಕಲಸುಮೇಲೋಗರ. ಭಾಷೆ ಇಂಗ್ಲಿಷಿನಲ್ಲೇ ಇಟ್ಟು ಓಡಿಸಿದ್ದಾರೆ. ಕನ್ನಡ ಓದುವ ಓಸಿಆರ್ ಇದೆ, ಟೆಸೆರಾಕ್ಟ್ ಅಂತ, ಪುಕ್ಕಟೆ ಸಿಗುತ್ತದೆ. ಕೈಬರಹ ಬಿಡಿ, ಅಚ್ಚಾದ ಕನ್ನಡವನ್ನಾದರೂ ಓದಿಸಬಹುದಿತ್ತು. ಬಸವನಗುಡಿಯಲ್ಲಿ ಅಂಗಡಿ ಇಟ್ಟುಕೊಂಡು ಇದೆಂಥದ್ದು!

ಹುಡುಗ 'ಪಿಡಿಎಫ್-ಎ ಮಾಡ್ಲಾ?' ಅಂದಾಗ ಎ4 ಅಂದುಕೊಂಡೆ. ಅದು ಬಹುಕಾಲ ಇಡುವ ಫೈಲಿನ ಬಗೆಯಂತೆ, ಫಾಂಟೆಲ್ಲ ಒಳಗೇ ಇರುತ್ತದೆ. ಪಾಸ್‌ವರ್ಡ್ ಮಾತ್ರ ಹಾಕುವ ಹಾಗಿಲ್ಲ. ನನಗೆ ಪಾಸ್‌ವರ್ಡ್ ಬೇಕಿತ್ತು, ಹಾಗಾಗಿ ಮಾಮೂಲಿಯೇ ಸಾಕೆಂದೆ.

ಅಂಗಡಿಗೆ ನನ್ನ ಮಾರ್ಕ್ಸು ಐದಕ್ಕೆ ಮೂರೂವರೆ. ಹೋಗುವುದಾದರೆ ಬೆಳಿಗ್ಗೆ ಹೋಗಿ, ಸಂಜೆ ಹಾಲ್‌ಟಿಕೆಟ್ ಪ್ರಿಂಟ್ ತೆಗೆಸುವ ಮಕ್ಕಳ ಕ್ಯೂ ರಸ್ತೆವರೆಗೂ ಇರುತ್ತದೆ.