ಮಡಿಕೇರಿ ಮಳೆ, ತೋಟದ ಧೂಳು, ಟರ್ಬೊ ಗಾಡಿ: ಯಾವ ಏರ್ ಇಂಟೇಕ್ ಹಾಕೋದು?

ಮೊದ್ಲೇ ಹೇಳ್ಬಿಡ್ತೀನಿ, ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರ್ಸೋದು) ಮಾಡ್ಸದೆ ಕಂಪನಿ ಟ್ಯೂನಲ್ಲೇ ಗಾಡಿ ಓಡ್ಸೋರು ಇಂಟೇಕಿಗೆ, ಅಂದ್ರೆ ಇಂಜಿನ್‌ಗೆ ಗಾಳಿ ಎಳೆಯೋ ಪೈಪು ಫಿಲ್ಟರ್ ಸೆಟ್ಟಿಗೆ ಅಂತ ಮೂವತ್ತು ಸಾವಿರ ಸುರಿಯೋದು ದಂಡ, ಅದ್ರಲ್ಲೂ ನಮ್ಮ ಕೊಡಗಲ್ಲಿ. ಇಲ್ಲಿ ಫಿಲ್ಟರ್ ಎಷ್ಟು ಗಾಳಿ ಬಿಡ್ತದೆ ಅನ್ನೋದಕ್ಕಿಂತ ಆ ಗಾಳಿನ ಎಲ್ಲಿಂದ ಎಳೀತದೆ, ನೀರು ಧೂಳು ಎಷ್ಟು ತಡೀತದೆ ಅನ್ನೋದೇ ದೊಡ್ಡ ವಿಷ್ಯ. ಅಂಗಡಿಯವ್ರು ಇದನ್ನ ಹೇಳಲ್ಲ, ಅವ್ರು ಹೇಳೋದು ಬರೀ ಎಚ್‌ಪಿ ಲೆಕ್ಕ.

ಗಾಡಿ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ, ಟರ್ಬೊ ಪೆಟ್ರೋಲ್, ಮೂರು ಸಿಲಿಂಡರ್, 999 ಸಿಸಿ, ಕಂಪನಿ ಲೆಕ್ಕಕ್ಕೆ 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್, ಆರು ಗೇರಿನ ಮ್ಯಾನುಯಲ್. 2022ರಲ್ಲಿ ಇಂಡಿಯಾದಲ್ಲಿ ಪೋಲೊನೇ ನಿಲ್ಸಿಬಿಟ್ರು, ಹಾಗಾಗಿ ಇದನ್ನ ಮಾರೋ ಮಾತಿಲ್ಲ, ಬಾಳಿಕೆ ಬರ್ಬೇಕು. ತೋಟ ಇರೋದು ಮಡಿಕೇರಿ ಸುಂಟಿಕೊಪ್ಪ ಮಧ್ಯೆ, ದಿನಾ ಒಂದಷ್ಟು ಮಣ್ಣು ರೋಡು, ಸಾಮಾನು ತರೋಕೆ ಕುಶಾಲನಗರ, ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯ ಪುತ್ತೂರು ಕಡೆ. ಹಾಕಿ ನೋಡಿದ್ದು ಇಷ್ಟು: ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬದಲ್ಲೇ ಹೊಸ ಪೇಪರ್ ಫಿಲ್ಟರು, ಅದೇ ಡಬ್ಬಕ್ಕೆ ತೊಳೆದು ಮತ್ತೆ ಹಾಕೋ ಎಣ್ಣೆ ಹಚ್ಚಿದ ಕಾಟನ್ ಪ್ಯಾನಲ್ಲು, ಡಬ್ಬ ಇಲ್ಲದೆ ಬಾನೆಟ್ ಒಳಗೆ ಓಪನ್ನಾಗಿ ಕೂರೋ ಕೋನ್ ಆಕಾರದ ಫಿಲ್ಟರು, ಆಮೇಲೆ ಸಂಪಾಜೆ ಭಾವನ ಹತ್ರ ಕಡ ತಂದ ಮುಚ್ಚಿದ ಕಾರ್ಬನ್ ಫೈಬರ್ ಇಂಟೇಕ್ ಡಬ್ಬ.

ಇಂಟೇಕ್ ಹಾಕಿದ್ರೆ ಪವರ್ ಬರ್ತದೆ ಅನ್ನೋದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೆ ಸ್ವಲ್ಪ ಲೆಕ್ಕ ನೋಡೋಣ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡ ಹೆಚ್ಚುಕಮ್ಮಿ 88 ಕಿಲೊಪಾಸ್ಕಲ್, ಮಂಗಳೂರಲ್ಲಿ 101. ಟರ್ಬೊ (ಗಾಳಿನ ಒತ್ತಿ ಇಂಜಿನ್‌ಗೆ ತುಂಬೋ ಚಕ್ರ) ಇಲ್ಲದ ಗಾಡಿ ಆ ವ್ಯತ್ಯಾಸನ ಸೀದಾ ಪವರಲ್ಲಿ ಕಳ್ಕೊಳ್ತದೆ, ಅದಕ್ಕೇ ಹಳೇ ಆಲ್ಟೊಗಳು ನಮ್ಮ ಏರಲ್ಲಿ ಅಷ್ಟು ಒದ್ದಾಡೋದು. ಟರ್ಬೊ ಗಾಡಿಲಿ ಹಾಗಲ್ಲ, ಮ್ಯಾನಿಫೋಲ್ಡಲ್ಲಿ, ಅಂದ್ರೆ ಸಿಲಿಂಡರುಗಳಿಗೆ ಗಾಳಿ ಹಂಚೋ ಪೈಪಲ್ಲಿ, ಇಂತಿಷ್ಟು ಒತ್ತಡ ಬೇಕು ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಒಂದು ಗುರಿ ಇಟ್ಕೊಂಡಿರ್ತದೆ. ಅದು 200 ಕಿಲೊಪಾಸ್ಕಲ್ ಅಂತ ಇಟ್ಕೊಳ್ಳಿ, ಮಂಗಳೂರಲ್ಲಿ ಎರಡು ಪಟ್ಟು ಒತ್ತಿದ್ರೆ ಆಯ್ತು, ಮಡಿಕೇರಿಲಿ 2.27 ಪಟ್ಟು ಒತ್ತಬೇಕು. ಫಿಲ್ಟರ್ ಕಟ್ಕೊಂಡು ಅದ್ರಲ್ಲಿ ಇನ್ನೊಂದು 2 ಕಿಲೊಪಾಸ್ಕಲ್ ಹೋಯ್ತು ಅಂದ್ರೆ 2.33 ಪಟ್ಟು. ಆಗ ವೇಸ್ಟ್‌ಗೇಟ್ (ಟರ್ಬೊ ತಿರುಗ್ಸೋ ಹೊಗೆನ ಪಕ್ಕಕ್ಕೆ ಬಿಡೋ ಬಾಗಿಲು) ಇನ್ನೊಂಚೂರು ಮುಚ್ಕೊಳ್ತದೆ, ಟರ್ಬೊ ಇನ್ನೊಂಚೂರು ಜೋರಾಗಿ ತಿರುಗ್ತದೆ, ಗುರಿ ಮುಟ್ಟಿಸ್ತದೆ, ಸ್ಟೇರಿಂಗ್ ಹಿಡಿದೋನಿಗೆ ಗೊತ್ತೂ ಆಗಲ್ಲ. ಅಂದ್ರೆ ಎಷ್ಟೇ ಒಳ್ಳೆ ಇಂಟೇಕ್ ಹಾಕಿದ್ರೂ ಗುರಿ ಅದೇ ಇರೋವರೆಗೂ ಪವರ್ ಅದೇ, ಟರ್ಬೊಗೆ ಕೆಲ್ಸ ಒಂಚೂರು ಹಗುರ ಆಗ್ತದೆ ಅಷ್ಟೆ. ರೀಮ್ಯಾಪ್ ಮಾಡ್ಸಿ ಗುರಿನೇ ಮೇಲೆ ಎತ್ತಿ, ಮೇಲಿನ ಆರ್‌ಪಿಎಮ್ಮಲ್ಲಿ ಟರ್ಬೊ ತನ್ನ ಮಿತಿ ಹತ್ರ ಹೋದಾಗ ಮಾತ್ರ ಆ ಎರಡು ಕಿಲೊಪಾಸ್ಕಲ್‌ಗೆ ಬೆಲೆ.

ಅಳೆಯೋಕೆ ನನ್ನ ಹತ್ರ ಪವರ್ ಅಳೆಯೋ ಡೈನೊ ಗೀನೊ ಮಿಷಿನ್ ಏನಿಲ್ಲ. ಫೋನಲ್ಲಿ ಜಿಪಿಎಸ್ ಆಪ್, ಒಬಿಡಿಗೆ (ಇಂಜಿನ್ ಕಂಪ್ಯೂಟರಿನ ರೀಡಿಂಗ್ ತೆಗೆಯೋ ಸಾಕೆಟ್) ಸಿಗ್ಸೋ ಬ್ಲೂಟೂತ್ ಡಾಂಗಲ್, ಆಮೇಲೆ ಮೀನಿನ ತೊಟ್ಟಿಗೆ ಹಾಕ್ತಾರಲ್ಲ ಆ ವೈರಿರೋ ಸಣ್ಣ ಡಿಜಿಟಲ್ ಥರ್ಮಾಮೀಟರು. ಅದರ ತುದಿನ ಫಿಲ್ಟರ್ ಬಾಯಿಗೆ ಟೇಪ್ ಹಾಕಿ ಅಂಟ್ಸಿ, ವೈರನ್ನ ಬಾನೆಟ್ ಸಂದಿಯಿಂದ ತಂದು ಕಿಟಕಿ ರಬ್ಬರ್ ಅಡಿಗೆ ತೂರ್ಸಿ ಡಿಸ್ಪ್ಲೇನ ಡ್ಯಾಶ್ ಮೇಲೆ ಇಟ್ಕೊಂಡೆ, ನೋಡೋಕೆ ಅಸಹ್ಯ ಆದ್ರೆ ಕೆಲ್ಸ ಪಕ್ಕಾ. ಪಿಕಪ್ ನೋಡಿದ್ದು ಆನೆಕಾಡು ನೇರ ರೋಡಲ್ಲಿ ಬೆಳಗ್ಗೆ ಬಸ್ ಓಡಾಟ ಶುರು ಆಗೋಕೆ ಮುಂಚೆ, ಮೂರನೇ ಗೇರು, ಯಾವಾಗ್ಲೂ ಒಂದೇ ಕಡೆಗೆ ಮುಖ ಮಾಡಿ.

ಕೋನ್‌ದು ಕೇಳಿ. ಹಾಕಿದವ್ನು "ಅಣ್ಣಾ, ಹತ್ತು ಎಚ್‌ಪಿ ಗ್ಯಾರಂಟಿ" ಅಂದ. ಅಲ್ಯೂಮಿನಿಯಂ ಪೈಪು, ಕೆಂಪು ಕೋನು, ಎರಡು ಕ್ಲಾಂಪು, ಪಕ್ಕದಲ್ಲಿ ಹೀಟ್ ಶೀಲ್ಡ್ ಅಂತ ಒಂದು ಬಗ್ಗಿಸಿದ ತಗಡು. ಸೌಂಡ್ ಮಾತ್ರ, ಸುಳ್ಳು ಹೇಳಬಾರ್ದು, ಮೈ ಜುಂ ಅಂತದೆ. ಸಂಪಾಜೆಯಿಂದ ಮೇಲೆ ಬರ್ತಾ ಕೊಯನಾಡು ದಾಟಿ ದೇವರಕೊಲ್ಲಿ ಕಡೆ ಒಂದು ಬದಿ ಬರೆ (ಗುಡ್ಡ ಕಡಿದ ಕಡಿದಾದ ಗೋಡೆ) ಇರೋ ತಿರುವುಗಳಲ್ಲಿ ಕಿಟಕಿ ಇಳಿಸಿ ಎರಡನೇ ಗೇರಲ್ಲಿ ಒತ್ತಿದ್ರೆ ಟರ್ಬೊ ಎಳ್ಯೋ ಸಿಳ್ಳೆ, ಕಾಲು ಎತ್ತಿದ್ ತಕ್ಷಣ ಸ್ತು-ಸ್ತು-ಸ್ತು, ಬರೆಗೆ ಬಡಿದು ವಾಪಸ್ ಬರ್ತದೆ. ಅಮ್ಮ ಒಂದ್ಸಲ ಹಿಂದಿನ ಸೀಟಲ್ಲಿ ಕೂತಿದ್ದವ್ರು "ಏನ್ ಮಗಾ, ಗಾಡಿಗೆ ದಮ್ಮು ಹಿಡಿದ್ಯಾ" ಅಂತ ಕೇಳಿದ್ರು.

ಆದ್ರೆ ಥರ್ಮಾಮೀಟರು ಬೇರೆ ಕತೆ ಹೇಳ್ತು. ಹೊರಗೆ 26 ಡಿಗ್ರಿ ಇದ್ದ ದಿನ ಕುಶಾಲನಗರದಲ್ಲಿ ಟ್ರಾಫಿಕ್ಕಲ್ಲಿ ನಿಂತಿದ್ದಾಗ ಕೋನ್ ಬಾಯಲ್ಲಿ 50 ದಾಟ್ತು, ಕಂಪನಿ ಡಬ್ಬ ಹಾಕಿದ್ದಾಗ ಅದೇ ಜಾಗದಲ್ಲಿ ದಿನದ ಅದೇ ಹೊತ್ತಲ್ಲಿ 33, 34. ಗಾಡಿ ಓಡೋಕೆ ಶುರು ಆದ್ಮೇಲೆ ಇಳೀತದೆ ಸರಿ, ಆದ್ರೂ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿ ಮೇಲೇ. ಗಾಳಿ ಸುಮಾರು 3 ಡಿಗ್ರಿ ಬಿಸಿ ಆದ್ರೆ ಅದ್ರ ಸಾಂದ್ರತೆ 1 ಪರ್ಸೆಂಟ್ ಕಮ್ಮಿ. ಟರ್ಬೊ ಆದ್ಮೇಲೆ ಒತ್ತಿದ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್ ಇದೆ, ಸ್ವಲ್ಪ ಸರಿ ಮಾಡ್ತದೆ ಅನ್ನಿ, ಆದ್ರೆ ಒಳಗೆ ಹೋಗೋವಾಗ್ಲೇ ಬಿಸಿ ಇದ್ರೆ ಟರ್ಬೊ ಒಳಗಿನ ಗಾಳಿ ಒತ್ತೋ ಕಂಪ್ರೆಸರ್ ಅದನ್ನ ಇನ್ನೂ ಬಿಸಿ ಮಾಡೇ ಆಚೆ ತಳ್ಳೋದು. ನಿಂತು ಹೊರಟಾಗ ಎರಡು ಸಾವಿರ ಆರ್‌ಪಿಎಂ ಕೆಳಗೆ ಗಾಡಿ ಮಂಕು, ಇದು ನಂಗೆ ಮಾತ್ರ ಅನ್ಸಿದ್ದಲ್ಲ, ಭಾವನಿಗೂ ಅನ್ಸಿತ್ತು. ಆನೆಕಾಡಲ್ಲಿ ಟೈಮಿಂಗ್ ಅಂತೂ ಪೇಪರ್ ಫಿಲ್ಟರಿಗಿಂತ ಒಂದು ಕೂದಲೆಳೆ ಹಿಂದೇನೇ. ಹತ್ತು ಎಚ್‌ಪಿ ಎಲ್ಲಿ ಹೋಯ್ತೋ ದೇವ್ರಿಗೇ ಗೊತ್ತು.

ಇನ್ನು ಮಳೆ. ಕಂಪನಿ ಡಬ್ಬದ ಮೂತಿ ಮುಂದೆ ಗ್ರಿಲ್ ಮೇಲಿನ ಎತ್ತರದಲ್ಲಿ ಇರ್ತದೆ, ಒಳಗೆ ತಿರುವು ಇರ್ತದೆ, ಸ್ವಲ್ಪ ನೀರು ನುಗ್ಗಿದ್ರೂ ಡಬ್ಬದ ತಳದಲ್ಲಿ ನಿಂತು ಸೋರಿ ಹೋಗೋಕೆ ದಾರಿ ಇರ್ತದೆ. ಇಂಜಿನಿಯರುಗಳು ಸುಮ್ನೆ ಅಷ್ಟು ವಕ್ರ ವಕ್ರ ಮಾಡಿರಲ್ಲ. ಕೋನ್‌ಗೆ ಇದ್ಯಾವ್ದೂ ಇಲ್ಲ, ಜೂನಲ್ಲಿ ಎದುರಿಂದ ಬಂದ ಬಸ್ಸು ಹೊಂಡದ ಕೆಂಪು ನೀರನ್ನ ಪೂರ್ತಿ ಮುಖಕ್ಕೆ ಎರಚ್ತು, ಬಾನೆಟ್ ತೆಗೆದು ನೋಡಿದ್ರೆ ಕೋನಿನ ಒಂದು ಬದಿ ಒದ್ದೆ, ಮಡಿಕೆ ಮಧ್ಯೆ ಕೆಸರು. ನೀರು ತಡಿಯೋಕೆ ಅಂತ ಕೋನ್ ಮೇಲೆ ಹಾಕೋ ಬಟ್ಟೆ ಕವರ್ ಸಿಗ್ತದೆ, ಅದನ್ನ ಹಾಕಿದ್ರೆ ಗಾಳಿ ಫ್ರೀ ಆಗ್ಲಿ ಅಂತ ಕೊಟ್ಟ ದುಡ್ಡೇ ವೇಸ್ಟು. ಇನ್ನೂ ಕೆಲವ್ರು ತಣ್ಣಗಿನ ಗಾಳಿ ಸಿಗ್ಲಿ ಅಂತ ಪೈಪನ್ನ ಫಾಗ್‌ಲ್ಯಾಂಪ್ ಹಿಂದೆ ಬಂಪರ್ ಒಳಗೆ ಇಳಿಸ್ತಾರೆ, ಬೆಂಗಳೂರಲ್ಲಿ ಬೇಕಾದ್ರೆ ಮಾಡ್ಕೊಳ್ಳಿ. ನಾಪೋಕ್ಲು ಭಾಗಮಂಡಲ ಕಡೆ ಜುಲೈಲಿ ರೋಡ್ ಮೇಲೆ ನೀರು ನಿಂತಾಗ ಹಾಗೆ ಇಳಿಸಿದ ಪೈಪು ನೀರನ್ನೇ ಕುಡೀತದೆ. ಗಾಳಿ ಒತ್ತಿದ್ರೆ ಕುಗ್ತದೆ, ನೀರು ಕುಗ್ಗಲ್ಲ, ಪಿಸ್ಟನ್ ಮೇಲೆ ಬಂದಾಗ ಬಗ್ಗೋದು ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡು. ಇಂಜಿನ್ ಪ್ರೊಟೆಕ್ಷನ್ ಕವರ್ ಇಲ್ಲದ ಇನ್ಶೂರೆನ್ಸಲ್ಲಿ ಅದಕ್ಕೆ ದುಡ್ಡು ಸಿಗೋದು ಕಷ್ಟ, ಇದ್ರೂ ಮಾಡಿಫೈ ಮಾಡಿದ್ದು ಕಂಡ್ರೆ ಸರ್ವೇಯರ್ ತಕರಾರು ತೆಗೀದೇ ಬಿಡಲ್ಲ.

ಭಾವನ ಕಾರ್ಬನ್ ಡಬ್ಬ ಬೇರೆ ದರ್ಜೆ ಸಾಮಾನು. ಅವಂದೂ ಇದೇ ಗಾಡಿ, ಸ್ಟೇಜ್ 1 ಅಂದ್ರೆ ಮೊದಲ ಹಂತದ ರೀಮ್ಯಾಪ್ ಆಗಿದೆ. "ಭಾವ, ನಿನ್ನ ಡಬ್ಬ ಸ್ವಲ್ಪ ದಿನ ಕೊಡು" ಅಂದ್ರೆ "ಕೊಡ್ತೇನೆ ಮಾರಾಯ, ಗೀರು ಬಿದ್ರೆ ನಿನ್ನ ಒಂದು ಚೀಲ ಕಾಫಿ ನಂಗೆ" ಅಂದ. ಅವನ ಅಂಗಳದಲ್ಲೇ ಕೂತು ಬದಲಾಯಿಸಿದ್ವಿ, ಎಲ್ಲಾ ಬೋಲ್ಟು ಅದೇ ತೂತಿಗೆ ಬಂತು, ಇಂಜಿನ್ ಒಳಗಿನ ಆವಿ ತರೋ ಬ್ರೀದರ್ ಪೈಪ್ ಕ್ಲಿಪ್ಪೂ ಟಕ್ ಅಂತ ಕೂತ್ಕೊಳ್ತು, ಕೋನ್ ಹಾಕೋವಾಗ ಆದ ಹಾಗೆ ಪೈಪ್ ಕುಯ್ಯೋದು ಉಜ್ಜೋದು ಇಲ್ಲ. ಬಿಸಿ ಕೂಡ ಕಂಪನಿ ಡಬ್ಬಕ್ಕಿಂತ ಒಂದೆರಡು ಡಿಗ್ರಿ ಕಮ್ಮಿನೇ ತೋರಿಸ್ತು, ಸೌಂಡು ಕೋನಿನ ಅರ್ಧ, ಒಳಗೆ ಕೂತವ್ರಿಗೆ ಮಾತ್ರ ಕೇಳೋ ಅಷ್ಟು, ನಂಗೆ ಇದೇ ಹಿತ ಅನ್ಸಿತು. ಅವನ ಗಾಡಿಲಿ ನಾಲ್ಕೂವರೆ ಸಾವಿರ ಆರ್‌ಪಿಎಂ ಮೇಲೆ ಎಳೆತ ನಿಲ್ಲದೆ ಹೋಗೋದು ಸ್ಪಷ್ಟ ಗೊತ್ತಾಗ್ತದೆ. ನನ್ನ ಗಾಡಿಲಿ? ಆನೆಕಾಡಲ್ಲಿ ಟೈಮಿಂಗು ಪೇಪರ್ ಫಿಲ್ಟರಿನದ್ದೇ, ಫೋನ್ ಜಿಪಿಎಸ್ ತಪ್ಪೋ ಅಷ್ಟರೊಳಗೇ ವ್ಯತ್ಯಾಸ. ಮೇಲೆ ಮಾಡಿದ ಲೆಕ್ಕಕ್ಕೆ ಸರಿಯಾಗಿ ಕೂತ್ಕೊಳ್ತು ನೋಡಿ. ಇದಕ್ಕೊಂದು ತಲೆನೋವು ಏನಂದ್ರೆ ಒಳಗಿನ ಫಿಲ್ಟರ್ ಬೇರೆ ಅಳತೆದು, ಮಡಿಕೇರಿ ಮೈಸೂರಲ್ಲಿ ಸಿಗಲ್ಲ, ಹೊರಗಿಂದ ತರಿಸ್ಬೇಕು, ಬರೋವರೆಗೂ ಗಾಡಿ ಶೆಡ್ಡಲ್ಲಿ.

ಈಗ ನಿಜವಾದ ಪೈಪೋಟಿ, ಪೇಪರ್ರಾ ಕಾಟನ್ನಾ. ಎರಡೂ ಕಂಪನಿ ಡಬ್ಬದಲ್ಲೇ ಕೂರೋದ್ರಿಂದ ಬಿಸಿ, ನೀರು ಎರಡರ ಚಿಂತೆನೂ ಇಲ್ಲ. ಕಾಟನ್ ಅಂದ್ರೆ ಕೆ ಆಂಡ್ ಎನ್, ಬಿಎಂಸಿ ಇವ್ರದ್ದೆಲ್ಲಾ ಇದೇ ಜಾತಿ, ತಂತಿ ಬಲೆ ಮಧ್ಯೆ ಹತ್ತಿ ಬಟ್ಟೆ ಪದರ, ಅದಕ್ಕೆ ಹಚ್ಚಿದ ಎಣ್ಣೆ ಧೂಳು ಹಿಡೀತದೆ. ಪಿಕಪ್ ಕಣ್ಣಿಗೆ ಕಾಣೋ ಅಷ್ಟು ಬದಲಾಗ್ಲಿಲ್ಲ, ಸೌಂಡು ಒಂದು ಎಳೆ ಜಾಸ್ತಿ. ಧೂಳಿನ ವಿಷ್ಯಕ್ಕೆ ಕೊಯ್ಲಿನ ಟೈಮಲ್ಲಿ ನೋಡಿದೆ, ಡಿಸೆಂಬರಿಂದ ಫೆಬ್ರವರಿ ತನಕ ತೋಟದ ರೋಡಲ್ಲಿ ಮುಂದೆ ಪಿಕಪ್ ಜೀಪ್ ಹೋದ್ರೆ ಹಿಂದೆ ಇರೋನಿಗೆ ದಾರಿನೇ ಕಾಣಲ್ಲ. ಪೇಪರ್ ಫಿಲ್ಟರ್ ತೆಗೆದಾಗ ಕೆಳಗಿನ ಮಡಿಕೆಗಳು ತುಂಬಾ ಕೆಂಪು ಪುಡಿ, ಸಿಲ್ವರ್ ಓಕ್ ಎಲೆ ಚೂರು, ಒಂದು ಸತ್ತ ಜೇನುಹುಳ, ಆದ್ರೆ ಫಿಲ್ಟರ್ ಆಚೆ ಪೈಪ್ ಒಳಗೆ ಬಿಳಿ ಬನಿಯನ್ ಬಟ್ಟೆ ತೂರ್ಸಿ ಒರೆಸಿದ್ರೆ ಬಟ್ಟೆ ಬಿಳಿಯಾಗೇ ಬಂತು. ಕಾಟನ್ ಹಾಕಿದ ಕೊಯ್ಲಲ್ಲಿ ಅದೇ ಜಾಗ ಒರೆಸಿದ್ರೆ ತೆಳ್ಳಗೆ ಕಂದು ಗೆರೆ, ಜಾಸ್ತಿ ಏನಲ್ಲ, ಆದ್ರೆ ಇತ್ತು. ಸಣ್ಣ ಟರ್ಬೊದ ಕಂಪ್ರೆಸರ್ ಚಕ್ರ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗ್ತದೆ, ಆ ಸ್ಪೀಡಲ್ಲಿ ಅದರ ರೆಕ್ಕೆ ಅಂಚಿಗೆ ಸಣ್ಣ ಮರಳೂ ಉಪ್ಪುಕಾಗದನೇ, ಟಾರ್ ರೋಡಲ್ಲೇ ಓಡ್ಸೋನಿಗೆ ಈ ಚಿಂತೆ ಬೇಡ, ನಂಗೆ ಬೇಕು.

ಆಮೇಲೆ ತೊಳಿಯೋ ಕತೆ. ಜೀವನಪೂರ್ತಿ ಒಂದೇ ಫಿಲ್ಟರ್ ಸಾಕು ಅಂತ ಮಾರ್ತಾರೆ, ತೊಳೆದು ನೆರಳಲ್ಲಿ ತಾನಾಗೇ ಒಣಗಬೇಕು, ಬಿಸಿ ಗಾಳಿ ಹೊಡೀಬಾರ್ದು, ಆಮೇಲೆ ಎಣ್ಣೆ. ಸರಿ, ಜುಲೈಲಿ ಮಡಿಕೇರಿಲಿ ಯಾವ್ದು ತಾನಾಗೇ ಒಣಗ್ತದೆ ಹೇಳಿ? ನಮ್ಮಲ್ಲಿ ಮಳೆಗಾಲದಲ್ಲಿ ಚಡ್ಡಿ ಬನಿಯನ್ನೂ ಒಲೆ ಮೇಲೆ ಹಗ್ಗ ಕಟ್ಟಿ ಹೊಗೆಲಿ ಒಣಗಿಸೋದು, ಫಿಲ್ಟರನ್ನ ಹಾಗೆ ತೂಗಿದ್ರೆ ಮಸಿ ತುಂಬ್ಕೊಳ್ತದೆ. ಕೊಯ್ಲು ಮುಗಿದ್ಮೇಲೆ ಮಾರ್ಚಲ್ಲಿ ತೊಳೆದು ಕಣದ ಪಕ್ಕದ ಶೆಡ್ ನೆರಳಲ್ಲಿ ಇಟ್ರೆ ಬೆಳಗಿಂದ ಸಂಜೆಗೆ ಒಣಗ್ತದೆ, ಅದೊಂದೇ ಸರಿಯಾದ ಕಾಲ. ಎಣ್ಣೆ ಜಾಸ್ತಿ ಹಾಕೋದೂ ಬೇಡ, ನನ್ನ ಗಾಡಿಲಿ ಒಳಗೆ ಹೋಗೋ ಗಾಳಿ ಎಷ್ಟು ಅಂತ ಅಳೆಯೋ ಮಾಸ್ ಏರ್‌ಫ್ಲೋ ಸೆನ್ಸರ್ ಇಲ್ಲ, ಇಸಿಯು ಪ್ರೆಶರ್ ನೋಡಿ ಲೆಕ್ಕ ಹಾಕ್ತದೆ, ಆದ್ರೆ ಆ ಸೆನ್ಸರ್ ಇರೋ ಡೀಸೆಲ್ ಗಾಡಿ ಇಟ್ಕೊಂಡೋರು ಹುಷಾರು, ಎಣ್ಣೆ ಹಾರಿ ಬಂದು ಅದರ ಬಿಸಿ ವೈರಿಗೆ ಅಂಟಿದ್ರೆ ರೀಡಿಂಗ್ ತಪ್ಪುತ್ತೆ, ಗಾಡಿ ಜರ್ಕ್ ಹೊಡೀತದೆ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ ಕಾಟನ್ ಪ್ಯಾನಲ್ ಒಂದರ ದುಡ್ಡಲ್ಲಿ ಏಳೆಂಟು ಪೇಪರ್ ಫಿಲ್ಟರ್ ಬರ್ತದೆ, ಕೊಯ್ಲು ಮುಗಿದ ಕೂಡ್ಲೆ ಒಂದು, ಹಾಗೆ ವರ್ಷಕ್ಕೊಂದು ಬದಲಾಯಿಸಿದ್ರೂ ಏಳೆಂಟು ವರ್ಷ. ನಾನು ಈಗ ಪೇಪರಿಗೇ ವಾಪಸ್ ಬಂದಿದ್ದೀನಿ, ಕಾಟನ್ ಪ್ಯಾನಲ್ಲು ಭಾವನ ತಮ್ಮನ ಗಾಡಿಗೆ ಹೋಯ್ತು, ಅವ್ನು ಇರೋದು ಮೈಸೂರಲ್ಲಿ. ನಾಳೆ ರೀಮ್ಯಾಪ್ ಮಾಡ್ಸಿದ್ರೆ ಮುಚ್ಚಿದ ಡಬ್ಬನೇ ತಗೊಳ್ಳೋದು, ಜೊತೆಗೆ ಎರಡು ಸ್ಪೇರ್ ಫಿಲ್ಟರ್ ಮೊದ್ಲೇ ತರಿಸಿಟ್ಕೊಂಡು.

ಯಾವ್ದೇ ತಗೊಂಡ್ರೂ ಫಿಲ್ಟರ್ ಅಂಚಿನ ರಬ್ಬರ್ ನೋಡಿ ತಗೊಳ್ಳಿ. ಡಬ್ಬದ ಕಾಲುವೆಲಿ ಸುತ್ತಲೂ ಒಂದೇ ಸಮ ಕೂತು ಮುಚ್ಚಳ ಸ್ವಲ್ಪ ಬಿಗಿಯಾಗಿ ಹಾಕ್ಬೇಕಾಗಿ ಬರ್ಬೇಕು, ಸಲೀಸಾಗಿ ಮುಚ್ಕೊಂಡ್ರೆ ಎಲ್ಲೋ ಸಂದಿ ಇದೆ ಅಂತ ಅರ್ಥ, ಆ ಸಂದಿಲಿ ಧೂಳು ಸೀದಾ ಟರ್ಬೊಗೆ. ಬ್ರಾಂಡ್ ಹೆಸ್ರಿಲ್ಲದ ಇನ್ನೂರೈವತ್ತು ರೂಪಾಯಿ ಫಿಲ್ಟರುಗಳಲ್ಲಿ ಇದೇ ಕಾಯಿಲೆ.

ಕೋನ್ ಸೆಟ್ ಪೂರ್ತಿ ಹಾಗೇ ಇದೆ, ತೊಳೆದು ಇಟ್ಟಿದ್ದೀನಿ. ಘಟ್ಟದ ಕೆಳಗಿನೋರು, ಬರೀ ಸೌಂಡಿಗೋಸ್ಕರ ಬೇಕು ಅನ್ನೋರು ಯಾರಾದ್ರೂ ಇದ್ರೆ ಹೇಳಿ, ಅರ್ಧ ರೇಟಿಗೆ ಕೊಡ್ತೀನಿ, ತಗಡಿನ ಹೀಟ್ ಶೀಲ್ಡ್ ಫ್ರೀ.