ಅಪ್ಪನ ಲ್ಯಾಪ್‌ಟಾಪಿಗೆ ಕೊಟ್ಟ ಮದ್ದುಗಳು: ಯಾವುದು ಹಿಡಿಯಿತು, ಯಾವುದು ಹುಸಿಯಾಯಿತು

ಪವರ್ ಬಟನ್ ಒತ್ತಿದಲ್ಲಿಂದ ಬ್ರೌಸರಿನಲ್ಲಿ ಮೊದಲ ಪುಟ ಮೂಡುವವರೆಗೆ 4 ನಿಮಿಷ 10 ಸೆಕೆಂಡು. ಅಪ್ಪನ ಲ್ಯಾಪ್‌ಟಾಪನ್ನು ಗಡಿಯಾರ ಹಿಡಿದು ಮೊದಲ ಸಲ ಅಳೆದಾಗ ಬಂದ ಲೆಕ್ಕ ಇದು. ಅಪ್ಪನಿಗೆ ಅದರ ಚಿಂತೆ ಇರಲಿಲ್ಲ. ಬಟನ್ ಒತ್ತಿ, ಪತ್ರಿಕೆ ಕೈಗೆತ್ತಿಕೊಂಡು ವರಾಂಡಕ್ಕೆ ಹೋಗುತ್ತಿದ್ದರು. ಎರಡು ಪುಟ ಓದಿ ಬರುವಷ್ಟರಲ್ಲಿ ಯಂತ್ರ ಎದ್ದಿರುತ್ತಿತ್ತು. “ಅದಕ್ಕೂ ನನ್ನ ಹಾಗೆ ಮಂಡಿ ನೋವು ಇರಬೇಕು, ಬಿಡು” ಎನ್ನುತ್ತಿದ್ದರು. ಹೊಸದು ಕೊಳ್ಳೋಣವೆಂದರೆ ಒಪ್ಪುವವರಲ್ಲ.

2014ರಲ್ಲಿ ಕೊಂಡ ಯಂತ್ರ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ನಡೆಯುತ್ತಿರುವ ಕೆಲಸದ ಮಾಹಿತಿಯನ್ನು ಹಿಡಿದಿಡುವ 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್, ಆಮೇಲೆ ಹಾಕಿದ ವಿಂಡೋಸ್ 10. ಜನ ಹೇಳುವ ಮದ್ದುಗಳನ್ನೆಲ್ಲ ಒಂದೊಂದಾಗಿ ಕೊಟ್ಟು ನೋಡಿದೆ. ಪ್ರತಿ ಸಲವೂ ಅವೇ ಮೂರು ಪರೀಕ್ಷೆ: ಆನ್ ಮಾಡಿ ಬ್ರೌಸರ್ ತೆರೆಯುವುದು, ಹನ್ನೆರಡು ಟ್ಯಾಬ್ ತೆರೆದಿಟ್ಟು ಅವುಗಳ ನಡುವೆ ಓಡಾಡುವುದು, ಅರ್ಧ ಗಂಟೆ ವಿಡಿಯೊ ಕರೆ ಮಾಡುವುದು. ಮೂರು ಸಲ ಅಳೆದು ನಡುವಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದೆ.

ಮೊದಲು ಖರ್ಚಿಲ್ಲದ ಉಪಾಯಗಳು. ಯಂತ್ರದಲ್ಲಿ ಏನೇನು ನಡೆಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿ ತೆರೆದರೆ, ಯಂತ್ರ ಎಚ್ಚರವಾಗುವ ಹೊತ್ತಿಗೇ ಹದಿನಾಲ್ಕು ಪ್ರೋಗ್ರಾಮುಗಳು ಬಾಗಿಲಲ್ಲಿ ಸಾಲುಗಟ್ಟಿದ್ದವು. ಎಂದೋ ಮೂಲೆ ಸೇರಿದ ಪ್ರಿಂಟರಿನ ಸಹಾಯಕ, ಯಾರೂ ಕೇಳದ ಹಾಡಿನ ಪ್ಲೇಯರ್, ತಮ್ಮನ್ನು ತಾವೇ ಅಪ್‌ಡೇಟ್ ಮಾಡಿಕೊಳ್ಳುವ ಮೂರು ನಾಲ್ಕು ಬಾಲಂಗೋಚಿಗಳು. ಒಂಬತ್ತನ್ನು ನಿಲ್ಲಿಸಿದೆ. 4:10 ಇದ್ದದ್ದು 3:30ಕ್ಕೆ ಇಳಿಯಿತು. ಹತ್ತು ನಿಮಿಷದ ಕೆಲಸಕ್ಕೆ ಇದು ಒಳ್ಳೆಯ ಪ್ರತಿಫಲವೇ. ಆದರೆ ‘ಒಂದೇ ಕ್ಲಿಕ್ಕಿನಲ್ಲಿ ವೇಗ’ ಎನ್ನುವ ಕ್ಲೀನರ್ ಪ್ರೋಗ್ರಾಮಿನ ವಿಷಯ ಕೇಳಬೇಡಿ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ನೂರಾರು ದೋಷಗಳಿವೆ ಎಂದು ಕೆಂಪು ಅಕ್ಷರದಲ್ಲಿ ಹೆದರಿಸಿ, ಎಲ್ಲವನ್ನೂ ಸರಿಪಡಿಸಿದೆನೆಂದು ಹಸಿರು ಅಕ್ಷರದಲ್ಲಿ ಬೆನ್ನು ತಟ್ಟಿಕೊಂಡು, ಕೊನೆಗೆ ನಾನು ಈಗಷ್ಟೇ ಖಾಲಿ ಮಾಡಿದ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ತಾನೇ ಹೋಗಿ ಕುಳಿತಿತು. ಸಮಯ ಒಂದು ಸೆಕೆಂಡೂ ಕಡಿಮೆಯಾಗಲಿಲ್ಲ. ರಿಜಿಸ್ಟ್ರಿ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳುತ್ತದೆ. ಪೆನ್ ಡ್ರೈವ್ ಚುಚ್ಚಿ, ಅದನ್ನು ಡಿಸ್ಕಿಗೆ ನೆರವಾಗುವ ತಾತ್ಕಾಲಿಕ ಸಂಗ್ರಹವಾಗಿ ಬಳಸುವ ರೆಡಿಬೂಸ್ಟ್ ಚಾಲೂ ಮಾಡುವ, ವಿಂಡೋಸ್ ವಿಸ್ತಾ ಕಾಲದ ಉಪಾಯವನ್ನೂ ಮಾಡಿದೆ. ಅದರ ಬಗ್ಗೆ ಹೇಳಲು ಏನೂ ಇಲ್ಲ.

ವಿಂಡೋಸನ್ನು ಪೂರ್ತಿ ರೀಸೆಟ್ ಮಾಡಿದ್ದು ಇನ್ನೂ ದೊಡ್ಡ ಹೆಜ್ಜೆ. ಕಡತಗಳ ನಕಲು ತೆಗೆದು, ಪಾಸ್‌ವರ್ಡುಗಳನ್ನು ಬರೆದಿಟ್ಟುಕೊಂಡು, ಒಂದು ಸಂಜೆಯನ್ನು ಅದಕ್ಕೇ ಮೀಸಲಿಟ್ಟೆ. ಮೊದಲ ದಿನ ಯಂತ್ರ ಮುಂಚಿಗಿಂತ ನಿಧಾನ! ಗಾಬರಿಯಾಗಬೇಡಿ; ಅಪ್‌ಡೇಟುಗಳು, ಕಡತಗಳ ಅನುಕ್ರಮಣಿಕೆ ತಯಾರಿ ಎಲ್ಲವೂ ಆಗ ಒಟ್ಟಿಗೆ ನಡೆಯುತ್ತಿರುತ್ತವೆ. ಮೂರನೆಯ ದಿನ ಅಳೆದಾಗ 2:20. ಗೆದ್ದೆನೆಂದುಕೊಂಡೆ. ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಹಾಕಿ ತಿಂಗಳು ಕಳೆಯುವಷ್ಟರಲ್ಲಿ ಅದು 3:00ಕ್ಕೆ ಏರಿ ನಿಂತಿತು.

ನಿಜವಾಗಿ ಕಣ್ಣು ತೆರೆಸಿದ್ದು ಟಾಸ್ಕ್ ಮ್ಯಾನೇಜರಿನ ಇನ್ನೊಂದು ಪುಟ. ಯಂತ್ರ ಏದುಸಿರು ಬಿಡುತ್ತಿದ್ದಾಗ ಪರ್ಫಾರ್ಮೆನ್ಸ್ ಭಾಗವನ್ನು ತೆರೆದು ನೋಡಿದೆ. ಪ್ರೊಸೆಸರ್ ಶೇಕಡ 12, ಡಿಸ್ಕ್ ಶೇಕಡ 100. ಅಷ್ಟು ಬೆವರು ಸುರಿಸಿ ಡಿಸ್ಕ್ ಸಾಗಿಸುತ್ತಿದ್ದದ್ದೆಷ್ಟು? ಸೆಕೆಂಡಿಗೆ ಒಂದೂವರೆ ಎಂಬಿ. ನೂರು ಎಂಬಿ ಸಾಗಿಸಬಲ್ಲ ಡಿಸ್ಕ್ ಒಂದೂವರೆ ಎಂಬಿಗೇ ಸುಸ್ತಾಗಿದೆ ಎಂದರೆ ಏನರ್ಥ?

5400 ಸುತ್ತು ಎಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನಡಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಆ ಪಥಕ್ಕೆ ಸರಿಯುವ ಹೊತ್ತು ಬೇರೆ. ಎಲ್ಲ ಕೂಡಿಸಿದರೆ ಸೆಕೆಂಡಿಗೆ ನೂರು ಬೇರೆ ಬೇರೆ ಜಾಗಗಳನ್ನೂ ಮುಟ್ಟಲಾಗದು. ಒಂದು ದೊಡ್ಡ ಸಿನಿಮಾ ಕಡತವನ್ನು ಓದುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲವೂ ಸಾಲಾಗಿ ಇರುತ್ತದೆ. ವಿಂಡೋಸ್ ಏಳುವಾಗ ಬೇಕಾಗುವುದು ಡಿಸ್ಕಿನ ಮೂಲೆಮೂಲೆಯಲ್ಲಿರುವ ಸಾವಿರಾರು ಚಿಕ್ಕ ಕಡತಗಳು. ಹಾರ್ಡ್ ಡಿಸ್ಕಿನ ಜಾಗದಲ್ಲಿ ಹಾಕುವ, ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಸಾಧಾರಣ ಮಟ್ಟದ್ದೂ ಸೆಕೆಂಡಿಗೆ ಹತ್ತಾರು ಸಾವಿರ ಜಾಗಗಳನ್ನು ಮುಟ್ಟುತ್ತದೆ.

ಆದರೂ ತಪ್ಪೆಲ್ಲ ಡಿಸ್ಕಿನದೇ ಎಂದು ತೀರ್ಮಾನಿಸಲಾಗಲಿಲ್ಲ. 3.9 ಜಿಬಿಯಲ್ಲಿ 3.5 ಜಿಬಿ ರ‍್ಯಾಮ್ ತುಂಬಿತ್ತು. ರ‍್ಯಾಮ್ ಸಾಲದಾದಾಗ ವಿಂಡೋಸ್ ಅದರಲ್ಲಿರುವುದನ್ನು ಡಿಸ್ಕಿಗೆ ತಳ್ಳುತ್ತದೆ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಹಾಗಾದರೆ ಡಿಸ್ಕ್ ಒದ್ದಾಡುತ್ತಿರುವುದು ರ‍್ಯಾಮ್ ಕಡಿಮೆಯಾದ ಪಾಪಕ್ಕೋ, ತನ್ನದೇ ಮುಪ್ಪಿಗೋ? ಒಬ್ಬರು ರ‍್ಯಾಮ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಎಸ್‌ಎಸ್‌ಡಿ ಎನ್ನುತ್ತಾರೆ. ಎರಡನ್ನೂ ತರಿಸಿ, ಅದಲು ಬದಲು ಮಾಡಿ ನಾಲ್ಕೂ ಬಗೆಯಲ್ಲಿ ನೋಡಿಯೇಬಿಡೋಣ ಎಂದುಕೊಂಡೆ.

ರ‍್ಯಾಮ್ ತರಿಸುವ ಮೊದಲು ಒಂದು ಮಾತು. ಈ ಪ್ರೊಸೆಸರಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ನೋಡಲು ಥೇಟ್ ಹಾಗೆಯೇ ಇರುವ, ಅದೇ ಖಾನೆಯಲ್ಲಿ ಕೂರುವ 1.5 ವೋಲ್ಟಿನ ಡಿಡಿಆರ್3 ತಂದರೆ ಕೆಲಸವಾಗದು. ಹಳೆಯ ಕಡ್ಡಿಯ ಮೇಲಿನ ಚೀಟಿಯನ್ನು ಓದಿ, ಅದೇ ಜಾತಿಯದನ್ನು ತನ್ನಿ. ಕಡ್ಡಿಯನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡು ಬದಿಯ ಕೊಕ್ಕೆಗಳೂ ಟಕ್ಕೆನ್ನಬೇಕು. ನಾನು ಒಂದೇ ಟಕ್ ಕೇಳಿಸಿಕೊಂಡು ಮುಚ್ಚಳ ಹಾಕಿದೆ. ಪರದೆ ಕಪ್ಪು. ಮದರ್‌ಬೋರ್ಡನ್ನೇ ಸುಟ್ಟೆನೇನೋ ಎಂದು ಎದೆ ಧಸಕ್ಕೆಂದಿತು. ಮತ್ತೆ ಬಿಚ್ಚಿ ಗಟ್ಟಿಯಾಗಿ ಒತ್ತಿದಾಗ ಎರಡನೆಯ ಟಕ್ ಕೇಳಿಸಿತು, ಜೀವ ಬಂತು. ನನಗೂ.

8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್: ಏಳುವ ಸಮಯ 3:00ರಿಂದ 2:50. ಹತ್ತು ಸೆಕೆಂಡಿಗಾಗಿ ಇಷ್ಟೆಲ್ಲ ಪಾಡೇ ಎಂದು ಬೇಸರವಾಯಿತು. ಆದರೆ ಟ್ಯಾಬುಗಳ ಕಥೆಯೇ ಬೇರೆ. ಮೊದಲು ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹೋದರೆ ಎಂಟು ಹತ್ತು ಸೆಕೆಂಡು ಬಿಳಿ ಪರದೆ; ಈಗ ಒಮ್ಮೆ ತೆರೆದದ್ದು ತಟ್ಟನೆ ಬರುತ್ತಿತ್ತು. ಮೊದಲ ಸಲ ತೆರೆಯುವುದು ಮಾತ್ರ ಅದೇ ಎಮ್ಮೆ ನಡಿಗೆ.

ಆಮೇಲೆ ರ‍್ಯಾಮನ್ನು ಮತ್ತೆ 4 ಜಿಬಿಗೆ ಇಳಿಸಿ, ಎಸ್‌ಎಸ್‌ಡಿ ಹಾಕುವ ಸರದಿ. ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲು ಮಾಡೋಣವೆಂದರೆ, ಶೇಕಡ 60ರ ಹತ್ತಿರ ಓದಲಾಗುತ್ತಿಲ್ಲವೆಂದು ನಕಲು ನಿಂತುಹೋಯಿತು. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿಯನ್ನು ಆಗ ತೆಗೆದು ನೋಡಿದರೆ, ಓದಲು ತಡವರಿಸುತ್ತಿರುವ ಸೆಕ್ಟರುಗಳ (ಡಿಸ್ಕಿನ ಚಿಕ್ಕ ತುಣುಕುಗಳ) ಎಣಿಕೆಯೇ ಇತ್ತು. ಡಿಸ್ಕ್ ಸಾಯುವ ಹಾದಿಯಲ್ಲಿತ್ತು. ಅದನ್ನೇ ನಾನು ‘ನಿಧಾನ’ ಎಂದುಕೊಂಡಿದ್ದೆ. ಈ ವರದಿಯನ್ನು ಮೊದಲ ದಿನವೇ ನೋಡಬೇಕಿತ್ತು. ನೀವು ಬೇರೇನನ್ನು ಮಾಡದಿದ್ದರೂ ಇದನ್ನು ಇವತ್ತೇ ನೋಡಿ. ಅಪ್ಪನ ಫೋಟೊಗಳ ನಕಲು ನನ್ನ ಬಳಿ ಇದ್ದುದರಿಂದ ಬದುಕಿದೆ. ಎಸ್‌ಎಸ್‌ಡಿಗೆ ವಿಂಡೋಸನ್ನು ಹೊಸದಾಗಿಯೇ ಹಾಕಿದೆ.

4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ: 34 ಸೆಕೆಂಡು.

ಗಡಿಯಾರ ಕೆಟ್ಟಿತೇ ಎಂದು ಮತ್ತೊಮ್ಮೆ ಅಳೆದೆ. ಟ್ಯಾಬುಗಳಲ್ಲಿ ಒಂದೆರಡು ಸೆಕೆಂಡಿನ ಎಡವಟ್ಟು ಉಳಿದಿತ್ತು. ರ‍್ಯಾಮ್ ಸಾಲದೆ ಡಿಸ್ಕಿಗೆ ತಳ್ಳುವುದು ಈಗಲೂ ನಡೆಯುತ್ತಿತ್ತು, ಆದರೆ ತಳ್ಳಿದ್ದು ಬೇಗ ವಾಪಸು ಬರುತ್ತಿತ್ತು. 8 ಜಿಬಿಯನ್ನೂ ಸೇರಿಸಿದಾಗ 31 ಸೆಕೆಂಡು, ಎಡವಟ್ಟು ಮಾಯ. ಎರಡರಲ್ಲಿ ಒಂದನ್ನೇ ಕೊಳ್ಳಬಹುದು ಎಂದಾದರೆ ಕಣ್ಣು ಮುಚ್ಚಿ ಎಸ್‌ಎಸ್‌ಡಿ ಎನ್ನುತ್ತೇನೆ. ಇರುವುದು ಬರೀ 2 ಜಿಬಿ ರ‍್ಯಾಮ್ ಆಗಿದ್ದರೆ ಮಾತ್ರ ಎರಡೂ ಬೇಕು. ಅತಿ ವೇಗದ ಎಸ್‌ಎಸ್‌ಡಿಗಾಗಿ ಹುಡುಕಾಡಬೇಡಿ. ಇಂಥ ಯಂತ್ರದಲ್ಲಿ ಡಿಸ್ಕನ್ನು ಜೋಡಿಸುವ ಸಾಟಾ ದಾರಿಯಲ್ಲಿ ಸೆಕೆಂಡಿಗೆ 550 ಎಂಬಿಯ ಆಸುಪಾಸಿಗಿಂತ ಹೆಚ್ಚು ಹರಿಯುವುದಿಲ್ಲ. ಹೊಸ ಬಗೆಯ, ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಕಡ್ಡಿ ತಂದರೆ ಕೂರಿಸಲು ಖಾನೆಯೇ ಇರುವುದಿಲ್ಲ.

ಇಷ್ಟಾದರೂ ವಿಡಿಯೊ ಕರೆ ಸುಧಾರಿಸಲಿಲ್ಲ. ಹತ್ತು ನಿಮಿಷ ಚೆನ್ನಾಗಿ ನಡೆದು, ಆಮೇಲೆ ಮುಖಗಳು ಕಲ್ಲಾಗುತ್ತಿದ್ದವು. ಇಲ್ಲಿ ಡಿಸ್ಕ್ ತಣ್ಣಗಿತ್ತು, ಉರಿಯುತ್ತಿದ್ದದ್ದು ಪ್ರೊಸೆಸರ್. ಉಷ್ಣಾಂಶ 96 ಡಿಗ್ರಿ ಮುಟ್ಟುತ್ತಿತ್ತು, ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರ್ ವೇಗದಲ್ಲಿ 1.7 ಗಿಗಾಹರ್ಟ್ಸ್‌ನಿಂದ 0.8ಕ್ಕೆ ಇಳಿದುಬಿಡುತ್ತಿತ್ತು. ಅಡಿಯ ಮುಚ್ಚಳ ತೆಗೆದು ಫ್ಯಾನ್ ಕಳಚಿದಾಗ, ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಪದರವೊಂದು ಸಿಕ್ಕಿತು. ಧೂಳು ಅನ್ನುವಂತಿರಲಿಲ್ಲ, ಚಿಮಟದಲ್ಲಿ ಹಿಡಿದೆಳೆದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಬಂತು. ಪ್ರೊಸೆಸರಿನ ಮೇಲೆ ಹಚ್ಚಿದ, ಅದರ ಶಾಖವನ್ನು ಆಚೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣವಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಅದನ್ನು ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಕೂರಿಸಿದೆ. (ಗಾಳಿ ಊದಿ ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಿರಗಿರನೆ ತಿರುಗಲು ಬಿಡಬೇಡಿ.) ಏಳುವ ಸಮಯದಲ್ಲಿ ಒಂದು ಸೆಕೆಂಡೂ ಬದಲಾಗಲಿಲ್ಲ. ಆದರೆ ಅರ್ಧ ಗಂಟೆಯ ಕರೆಯಲ್ಲಿ ಉಷ್ಣಾಂಶ 74 ದಾಟಲಿಲ್ಲ, ಯಾರ ಮುಖವೂ ಕಲ್ಲಾಗಲಿಲ್ಲ. ನನ್ನ ಮೂರು ಪರೀಕ್ಷೆಗಳಿಗೆ ಮೂರು ಬೇರೆ ಬೇರೆ ಮದ್ದು ಬೇಕಾದದ್ದು ಹೀಗೆ.

ವೇಗದ ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಆಮೇಲಿನದು. ನಮ್ಮದು ನಾಲ್ಕನೆಯದು. ತಡೆಯನ್ನು ದಾಟಿ ಹಾಕುವ ಒಳದಾರಿಗಳಿವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ. ಅಪ್ಪ ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಆ ಸಾಹಸ ನನಗೆ ಬೇಡವಾಗಿತ್ತು. ಹಾಗಾಗಿ ವಿಂಡೋಸಿನ ಬದಲು ಹಾಕಬಹುದಾದ ಕಾರ್ಯಾಚರಣಾ ವ್ಯವಸ್ಥೆಗಳಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಗೂಗಲ್‌ನ ಕ್ರೋಮ್‌ಒಎಸ್ ಫ್ಲೆಕ್ಸ್ ಎರಡನ್ನೂ ನೋಡಿದೆ. ಎರಡೂ ಉಚಿತ, ಎರಡನ್ನೂ ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು.

‘ಲಿನಕ್ಸ್ ಹಾಕಿ, ಹಾರ್ಡ್ ಡಿಸ್ಕೇ ಸಾಕು’ ಎನ್ನುವವರಿಗಾಗಿ ಮಿಂಟನ್ನು ಮೊದಲು ಆ ಮುದಿ ಡಿಸ್ಕಿನಲ್ಲೇ ಹಾಕಿದೆ: 1:35. ಅದೇ ಡಿಸ್ಕಿನ ವಿಂಡೋಸಿಗಿಂತ ಎಷ್ಟೋ ಮೇಲು, ಎಸ್‌ಎಸ್‌ಡಿಯ ವಿಂಡೋಸಿನ ಹತ್ತಿರಕ್ಕೂ ಬರಲಿಲ್ಲ. ಎಸ್‌ಎಸ್‌ಡಿಯಲ್ಲಿ ಮಿಂಟ್ 24 ಸೆಕೆಂಡು. ಸುಮ್ಮನೆ ಕುಳಿತಾಗ ಅದು ಬಳಸಿದ ರ‍್ಯಾಮ್ 800 ಎಂಬಿ. ವಿಂಡೋಸ್ ಇದರ ಎರಡರಷ್ಟಕ್ಕೂ ಹೆಚ್ಚು ಬಳಸುತ್ತಿತ್ತು. ಹನ್ನೆರಡು ಟ್ಯಾಬ್ ತೆರೆದ ಮೇಲೆ ಈ ಲಾಭದ ಬಹುಪಾಲು ಕರಗುತ್ತದೆ ಎಂಬುದನ್ನು ಮಾತ್ರ ಲಿನಕ್ಸ್ ಭಕ್ತರು ಹೇಳುವುದಿಲ್ಲ. ಬ್ರೌಸರಿನ ಹೊಟ್ಟೆ ಎಲ್ಲಿ ಹೋದರೂ ಅಷ್ಟೇ. ಒಂದು ತೊಡಕು: ನಮ್ಮ ವೈಫೈ ಚಿಪ್ಪಿನ ಡ್ರೈವರ್ ಮೊದಲೇ ಇರಲಿಲ್ಲ. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ, ಅದರ ಇಂಟರ್ನೆಟ್ ಬಳಸಿ ಡ್ರೈವರ್ ಇಳಿಸಿಕೊಂಡೆ.

ಫ್ಲೆಕ್ಸ್ ಎಲ್ಲಕ್ಕಿಂತ ಚುರುಕು, 18 ಸೆಕೆಂಡು. ಬ್ರೌಸರ್ ಬಿಟ್ಟು ಬೇರೇನೂ ಬೇಡದವರಿಗೆ ಅದನ್ನೇ ಹೇಳುತ್ತೇನೆ. ಆದರೆ ಅದು ಇಡೀ ಡಿಸ್ಕನ್ನು ತನಗೇ ಕೇಳುತ್ತದೆ, ಪಕ್ಕದಲ್ಲಿ ಇನ್ನೊಂದು ವ್ಯವಸ್ಥೆಯನ್ನು ಇಟ್ಟುಕೊಳ್ಳಲಾಗದು. ಪ್ಲೇ ಸ್ಟೋರಿನ ಆ್ಯಪ್‌ಗಳೂ ನಡೆಯುವುದಿಲ್ಲ. ಅಪ್ಪನಿಗೆ ಇಂಟರ್ನೆಟ್ ಇಲ್ಲದಾಗಲೂ ಪತ್ರ ಬರೆಯಬೇಕು, ಹಳೆಯ ಸ್ಕ್ಯಾನರ್ ಬೇಕು. ಮಿಂಟ್ ಆ ಸ್ಕ್ಯಾನರನ್ನು ಜೋಡಿಸಿದ ಕೂಡಲೇ ಗುರುತಿಸಿತು. ಅಲ್ಲಿಗೆ ತೀರ್ಮಾನವಾಯಿತು.

ವಾರದ ನಂತರ ಅಪ್ಪನ ದೂರು ಬಂತು. ಬಟನ್ ಒತ್ತಿ, ಎಂದಿನಂತೆ ಪತ್ರಿಕೆ ಹಿಡಿದು ವರಾಂಡಕ್ಕೆ ಹೋಗುತ್ತಿದ್ದರಂತೆ. “ನಾನು ಬರುವಷ್ಟರಲ್ಲಿ ಇದು ಎದ್ದು ಮತ್ತೆ ಮಲಗಿರುತ್ತದಲ್ಲೋ!” ಪಾಸ್‌ವರ್ಡಿಗಾಗಿ ಕಾದು ಕಾದು ಪರದೆ ಕಪ್ಪಾಗುತ್ತಿತ್ತು. ಪರದೆ ಆರುವ ಅವಧಿಯನ್ನು ಹದಿನೈದು ನಿಮಿಷಕ್ಕೆ ಏರಿಸಿಕೊಟ್ಟಿದ್ದೇನೆ.